ಹೆಸರುಹಿಟ್ಟಿನ ಬಸವನಹುಳು

ಅಡುಗೆ ಮುದ್ರಕದ ಮೂತಿಯಿಂದ ಬಸವನಹುಳುಗಳು ಒಂದರ ಹಿಂದೊಂದು ತಟ್ಟೆಗೆ ಬೀಳುತ್ತಿದ್ದವು. ಆ ಕಾಲದಲ್ಲಿ ಅಡುಗೆ ಮುದ್ರಕ ಇಲ್ಲದ ಮನೆಯೆಂದರೆ ಹಿಂದಿನವರ ಕಾಲದಲ್ಲಿ ಮಿಕ್ಸಿ ಇಲ್ಲದ ಮನೆಯಿದ್ದಂತೆ. ಹಿಟ್ಟು, ಉಪ್ಪು, ಖಾರಗಳನ್ನು ಅದರ ಡಬ್ಬಿಗಳಿಗೆ ತುಂಬಿಟ್ಟರೆ ಸಾಕು, ಚಕ್ಕುಲಿ ಒರಳಿನ ಹಾಗೆ ಪದರದ ಮೇಲೆ ಪದರ ಒತ್ತುತ್ತ ಹೇಳಿದ ತಿಂಡಿಯನ್ನು ಮಾಡಿಕೊಡುತ್ತಿತ್ತು. ಮೂಡಬಿದಿರೆಯ ಬೇರೆ ಮನೆಗಳಲ್ಲಿ ಅದು ಪತ್ರೊಡೆಯನ್ನೋ ಕೊಟ್ಟೆ ಕಡುಬನ್ನೋ ಮಾಡುವ ಹೊತ್ತಿಗೆ, ಸೀರೆ ಅಂಗಡಿಯ ಅನಂತಮತಿಯ ಮನೆಯಲ್ಲಿ ಮಾತ್ರ ಹೆಸರುಹಿಟ್ಟಿನ ಮೈಗೆ ಸುಣ್ಣದ ಚಿಪ್ಪು ಹೊದಿಸಿದ ಹುಳುಗಳನ್ನು ಹೆರುತ್ತಿತ್ತು. ತಟ್ಟೆಗೆ ಬಿದ್ದ ಹುಳು ಒಂದು ಕ್ಷಣ ಸುಮ್ಮನಿದ್ದು, ಕೊಂಬು ಹೊರಚಾಚಿ, ಮೆಲ್ಲಗೆ ತೆವಳಲು ಶುರುಮಾಡುತ್ತಿತ್ತು.

ಅನಂತಮತಿ ತಟ್ಟೆ ಹಿಡಿದು ಹಜಾರಕ್ಕೆ ಬಂದಳು. ಹಜಾರ ಎಂಬುದು ಹೆಸರಿಗಷ್ಟೆ. ಗೋಡೆಯಿಂದ ಗೋಡೆಗೆ ಗಾಜಿನ ತೊಟ್ಟಿ ನಿಂತು, ಮನುಷ್ಯರಿಗೆ ಉಳಿದದ್ದು ಎರಡು ಕುರ್ಚಿಯ ಜಾಗ. ಒಂದು ಕುರ್ಚಿಯಲ್ಲಿ ಅವಳ ತಾಯಿ ಕಮಲಾವತಿ ಅಮ್ಮ ಜಪಮಣಿ ಹಿಡಿದು ಕೂತಿದ್ದರು. ತೊಟ್ಟಿಯೊಳಗಿನ ಯಜಮಾನನ ಹೆಸರು ಉಂಡೆ. ಅದೊಂದು ಉಬ್ಬುಮೀನು, ಆಫ್ರಿಕದ ಕಾಂಗೋ ನದಿಯ ಸಿಹಿನೀರಿನ ಜಾತಿ. ಹೆದರಿದರೆ ನೀರು ಕುಡಿದು ಚೆಂಡಿನಂತೆ ಊದಿಕೊಳ್ಳುವುದರಿಂದ ಆ ಜಾತಿಗೆ ಉಬ್ಬುಮೀನೆಂದು ಹೆಸರು. ಉದ್ದ ಮೊಳಕ್ಕೂ ಮಿಗಿಲು. ಹಳದಿ ಮೈತುಂಬ ಅಡ್ಡಾದಿಡ್ಡಿ ಕಂದು ಗೆರೆ. ಎಡಗಣ್ಣನ್ನು ಒಂದು ದಿಕ್ಕಿಗೆ, ಬಲಗಣ್ಣನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿ ಒಂದೇ ಸಲ ತಾಯಿ ಮಗಳಿಬ್ಬರನ್ನೂ ನೋಡಬಲ್ಲ ಜಾಣ.

ಹುಳುಗಳು ನೀರಿಗಿಳಿದವು. ಮೀನು ಅಲ್ಲಾಡಲಿಲ್ಲ. ಅವು ಕಲ್ಲಿನ ಸಂದಿಗೆ, ಬೇರಿನ ಅಡಿಗೆ ಚದುರಿದ ಮೇಲೆ ಮೆಲ್ಲನೆ ಹೊರಟಿತು, ಬಾಯಿಂದ ನೀರು ಊದಿ ಮರಳು ಎಬ್ಬಿಸಿತು, ಅಡಗಿದ್ದೊಂದನ್ನು ಹುಡುಕಿ ತೆಗೆಯಿತು. ‘ಟಕ್’ ಎಂದು ಚಿಪ್ಪು ಒಡೆದ ಸದ್ದು ಅಡುಗೆಮನೆಗೂ ಕೇಳುವಷ್ಟಿತ್ತು. ಆ ಸದ್ದು ಕೇಳಿದರೆ ಅನಂತಮತಿಗೆ ತನ್ನ ಹೊಟ್ಟೆಯೇ ತುಂಬಿದಷ್ಟು ಸಮಾಧಾನ.

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಆ ಜೈನ ಮನೆತನದ ಒಂದು ವಾಡಿಕೆ. ಪ್ರತಿ ಮಹಾವೀರ ಜಯಂತಿಗೆ ಅವರು ಸಾವಿನ ದಾರಿಯಲ್ಲಿರುವ ಒಂದು ಜೀವವನ್ನು ಬಿಡಿಸಿ ತಂದು, ಅದರ ಆಯುಸ್ಸು ಮುಗಿಯುವ ತನಕ ಸಾಕುತ್ತಿದ್ದರು. ಅದಕ್ಕೆ ಅಭಯದಾನ ಎನ್ನುತ್ತಿದ್ದರು. ಅಜ್ಜಿ ಆಡು ತಂದಿದ್ದಳು, ಅಮ್ಮ ಕೋಳಿ ತಂದಿದ್ದರು. ಅನಂತಮತಿ ಆ ವರ್ಷ ಸೀರೆ ತರಲು ಮಂಗಳೂರಿಗೆ ಹೋದವಳು, ಮುಚ್ಚುತ್ತಿದ್ದ ಒಂದು ಅಲಂಕಾರ ಮೀನಿನ ಅಂಗಡಿಯೆದುರು ನಿಂತಳು. ಅಂಗೈಯಗಲದ ಮೀನೊಂದು ಬಾಟಲಿಯಲ್ಲಿತ್ತು. “ಇದು ಜೊತೆಯ ಮೀನನ್ನೆಲ್ಲ ಕಚ್ಚುತ್ತದೆ, ಯಾರೂ ಕೊಂಡೋಗುದಿಲ್ಲ. ನಾಳೆ ಚರಂಡಿಗೇ” ಎಂದ ಅಂಗಡಿಯವನು. ಮೀನು ಒಂದು ಕಣ್ಣಿನಿಂದ ಅವನನ್ನೂ ಇನ್ನೊಂದು ಕಣ್ಣಿನಿಂದ ಅವಳನ್ನೂ ನೋಡಿತು. ಅವಳು ಬಾಟಲಿ ಎತ್ತಿಕೊಂಡು ಬಂದಳು. ಬಸದಿಯಲ್ಲಿ ನಿಂತು ಸಂಕಲ್ಪ ಮಾಡಿದಳು: ಈ ಮೀನನ್ನು ಕೈಬಿಡುವುದಿಲ್ಲ, ಇದನ್ನು ಸಾಕಲು ಇನ್ನೊಂದು ಜೀವವನ್ನು ಕೊಲ್ಲುವುದಿಲ್ಲ.

ಮೀನು ಏನು ತಿನ್ನುತ್ತದೆ ಎಂದು ಮಾತ್ರ ಅಂಗಡಿಯವನನ್ನು ಕೇಳಿರಲಿಲ್ಲ. ಆಡು ಸೊಪ್ಪು ತಿನ್ನುತ್ತದೆ, ಕೋಳಿ ಅಕ್ಕಿ ಹೆಕ್ಕುತ್ತದೆ. ತಲೆಮಾರುಗಳಿಂದ ಹಾಗೇ ನಡೆದು ಬಂದ ಮನೆಯಲ್ಲಿ ಆ ಪ್ರಶ್ನೆ ಯಾರಿಗೂ ಹೊಳೆಯುವಂಥದ್ದಲ್ಲ. ಅವಳು ಬೇಳೆ ಬೇಯಿಸಿ ಉಂಡೆ ಕಟ್ಟಿ ಹಾಕಿದಳು. ಹಸಿದ ಮೀನು ತಿಂದಿತು. ಹೆಸರೂ ಅದೇ ಆಯಿತು. ಕೆಲವು ತಿಂಗಳಲ್ಲಿ ಅದರ ಹಲ್ಲು ಗಿಳಿಯ ಕೊಕ್ಕಿನಂತೆ ಬೆಳೆದು ಒಂದಕ್ಕೊಂದು ಹೆಣೆದುಕೊಂಡಿತು, ಬಾಯಿ ತೆರೆಯದಾಯಿತು. ಆಗ ಅವಳು ಬಕೆಟ್ಟಿನಲ್ಲಿ ಮೀನನ್ನಿಟ್ಟುಕೊಂಡು ಡಾ. ಫ್ಲೇವಿಯಾ ಮೊಂತೇರೊ ಅವರ ಬಳಿಗೆ ಓಡಿದಳು.

ಫ್ಲೇವಿಯಾ ಮಂಗಳೂರಿನ ಒಂದು ಜಲಜೀವಿ ಸಂಶೋಧನಾಲಯದ ವಿಜ್ಞಾನಿ. ಮೀನಿನ ವಿಷಯದಲ್ಲಿ ಮಹಾ ಪಂಡಿತೆ. ಮಧ್ಯಾಹ್ನದ ಊಟದ ಡಬ್ಬಿಯಲ್ಲೂ ಅದೇ ವಿಷಯ. ಆಕೆ ನೀರಿಗೆ ನಾಲ್ಕು ಹನಿ ಲವಂಗದೆಣ್ಣೆ ಬೆರೆಸಿ, ಮೀನು ಮಂಪರಿಗೆ ಜಾರಿದ ಮೇಲೆ ಇಕ್ಕುಳದಲ್ಲಿ ಬಾಯಿ ಬಿಡಿಸಿ ಹಲ್ಲು ಕತ್ತರಿಸಿದಳು.

“ಇದರ ಹಲ್ಲು ನಮ್ಮ ಉಗುರಿನ ಹಾಗೆ ಅಕ್ಕ. ಬೆಳೀತಾನೇ ಇರ್ತದೆ. ಮರುವಾಯಿಯಂಥ ಕಪ್ಪೆಚಿಪ್ಪು, ಏಡಿ, ಬಸವನಹುಳು, ಇಂಥವುಗಳ ಚಿಪ್ಪು ಕಡಿದು ಕಡಿದು ಸವೀಬೇಕು. ಮೆತ್ತಗಿನ ಉಂಡೆ ತಿನ್ನಿಸಿದ್ರೆ ಅನ್ನದ ಎದುರೇ ಉಪವಾಸ ಸಾಯ್ತದೆ.”

“ಹಾಗಾದ್ರೆ ಗಟ್ಟಿ ಉಂಡೆ ಮಾಡಿ ಹಾಕ್ತೇನೆ.”

“ಇನ್ನು ಇದು ದೊಡ್ಡದಾಗ್ತದೆ. ಅಲ್ಲಾಡದ್ದನ್ನು ಮುಟ್ಟುದಿಲ್ಲ. ಬೇಟೆಯ ಮೀನು ಮಾರಾಯ್ರೇ ಇದು! ನಮಗೆ ಕೊಟ್ಟುಬಿಡಿ. ಇಲ್ಲಿ ಮರುವಾಯಿಗೆ ಬರಗಾಲ ಇಲ್ಲ.”

“ಕೊಡ್ಲಿಕ್ಕೆ ಆಗುದಿಲ್ಲ. ಮಾತು ಕೊಟ್ಟಿದ್ದೇನೆ.”

“ಯಾರಿಗೆ?”

“ಇದಕ್ಕೆ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರನ್ನು ಫ್ಲೇವಿಯಾ ಕಂಡಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವಳನ್ನು ಕಂಡದ್ದು ಅಂದೇ. ಹಾಗೆಂದು ನಕ್ಕು ಬಿಡಲೂ ಆಗಲಿಲ್ಲ. ವಿಜ್ಞಾನಿಗಳ ಪೈಕಿ ಕೆಲವರಿಗೆ, ಆಗದು ಎಂದು ತಾವೇ ಹೇಳಿದ ಕೆಲಸ ರಾತ್ರಿ ನಿದ್ದೆಗೆಡಿಸುತ್ತದೆ. ಫ್ಲೇವಿಯಾ ಆ ಜಾತಿಯವಳು. ಮುಂದಿನ ಮಳೆಗಾಲದೊಳಗೆ ಆಕೆ ‘ಸಸ್ಯಶಂಬುಕ’ವನ್ನು, ಅಂದರೆ ಕಾಳುಬೇಳೆಯ ಬಸವನಹುಳುವನ್ನು, ರೂಪಿಸಿದಳು.

ಸಸ್ಯಶಂಬುಕದ ಮೈ ಹಿಟ್ಟಿನದು. ಒಳಗೆ ಕೂದಲಿಗಿಂತ ತೆಳುವಾದ ‘ಸ್ಪಂದತಂತು’ಗಳು, ಅಂದರೆ ಹಿಗ್ಗಿ ಕುಗ್ಗಿ ಮೈಯನ್ನು ಮುಂದೆ ತಳ್ಳುವ ನಾರುಗಳು. ತಲೆಯ ಜಾಗದಲ್ಲಿ ಸಾಸಿವೆಯಷ್ಟು ಗಾತ್ರದ ‘ಕಲಿಕೆಯ ಕಣ’. ಸುತ್ತಲಿನ ನೀರಿನ ಒತ್ತಡ ಅಳೆದು, ಯಾವ ಕಡೆ ತೆವಳಬೇಕೆಂದು ತಂತುಗಳಿಗೆ ಹೇಳುವುದು ಆ ಕಣದ ಕೆಲಸ. ಮೀನಿನ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ, ಹಾಗೇ ಹೊರಗೆ ಬಂದು ಮರಳಿನ ಮೇಲೆ ಬೀಳುತ್ತದೆ. ತಯಾರಿಸಲು ಬಹಳ ಕಷ್ಟದ ವಸ್ತುವಾದ್ದರಿಂದ ಅದನ್ನು ಬೆಳಿಗ್ಗೆ ಜರಡಿಯಲ್ಲಿ ಎತ್ತಿ, ತೊಳೆದು, ಮುದ್ರಕದ ಡಬ್ಬಿಗೆ ಮರಳಿ ಹಾಕಿದರೆ ಹೊಸ ಹುಳುವಿನ ತಲೆಗೆ ಅದೇ ಕಣ ಸೇರುತ್ತಿತ್ತು.

ಯಂತ್ರ ಒಪ್ಪಿಕೊಂಡರೂ ಅನಂತಮತಿ ಸುಲಭಕ್ಕೆ ಒಪ್ಪಲಿಲ್ಲ. ಚಿಪ್ಪಿನ ಸುಣ್ಣ ಎಲ್ಲಿಂದ ಎಂದು ಕೇಳಿದಳು. ಮರುವಾಯಿ ಚಿಪ್ಪು ಸುಟ್ಟದ್ದು ಎಂದು ತಿಳಿದಾಗ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು. ಫ್ಲೇವಿಯಾ ಕಲ್ಲುಸುಣ್ಣ ತರಿಸಿದಳು. ಹಿಟ್ಟು ಅಂಟಲು ಮರಗೆಣಸಿನ ಪುಡಿ ಬೆರೆಸಿದ್ದರು. ನೆಲದಡಿಯ ಗೆಡ್ಡೆ ನಮ್ಮಲ್ಲಿ ಸೇರುವುದಿಲ್ಲ ಎಂದಳು. ಉದ್ದಿನಹಿಟ್ಟು ಬಂತು. “ತಿನ್ನುದು ನೀವಾ, ಮೀನಾ?” ಎಂದು ಫ್ಲೇವಿಯಾ ರೇಗಿದ್ದೂ ಉಂಟು. “ನಮ್ಮ ಮನೆಯಲ್ಲಿ ಇರುವವರು ಎಲ್ಲರೂ ಒಂದೇ” ಎಂಬ ಉತ್ತರ ಬಂತು. ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ, ಉಂಡೆಗೂ ಆ ಹೊತ್ತಿನ ಮೇಲೆ ಊಟ ಇರಲಿಲ್ಲ.

ಮೊದಲ ಹುಳುಗಳು ನೇರ ಗೆರೆಯಲ್ಲಿ ತೆವಳಿದವು. ಉಂಡೆ ಕೆಲವು ದಿನ ತಿಂದು, ಮೋಸ ಗೊತ್ತಾದವರಂತೆ ಮೂತಿ ತಿರುಗಿಸಿತು. ಆಗ ಫ್ಲೇವಿಯಾ ಕಣಗಳಿಗೆ ‘ಭೀತಿಸೂತ್ರ’ವನ್ನು ಕಲಿಸಿದಳು. ಮೀನು ಹತ್ತಿರ ಬಂದರೆ ಓಡು, ಅಡಗು, ಸಿಕ್ಕಿಬಿದ್ದರೆ ಎಲ್ಲಿ ತಪ್ಪಿದೆ ಎಂಬುದನ್ನು ಉಳಿಸಿಕೋ. ಅಲ್ಲಿಂದ ಉಂಡೆಯ ಭಾಗ್ಯ ತೆರೆಯಿತು. ಕೊಕ್ಕು ಹದವಾಗಿ ಸವೆಯಿತು, ಮೈ ತುಂಬಿತು, ಹಳದಿ ಬಣ್ಣ ಹೊಳಪೇರಿತು. ಬೇಟೆ ನೋಡಲು ನೆರೆಹೊರೆಯವರು ಬರುತ್ತಿದ್ದರು. ಅಂಗಡಿಯ ಗಿರಾಕಿಗಳನ್ನು ಅನಂತಮತಿಯೇ ಕರೆದು ತರುತ್ತಿದ್ದಳು. ಒಂದು ಜೀವವನ್ನೂ ಕೊಲ್ಲದೆ ಬೇಟೆಯ ಮೀನನ್ನು ಸಾಕಿದ ಮನೆ ಎಂದು ಅವಳಿಗೆ ಒಳಗೊಳಗೇ ಜಂಬವೂ ಬಂದಿತ್ತು. ಹೀಗೆ ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಎಂದಿನಂತೆ ಹುಳುಗಳನ್ನು ಅಂಗೈಯಲ್ಲಿಟ್ಟು ಕೈಯನ್ನು ನೀರಿಗಿಳಿಸಿದಳು. ಹುಳುಗಳು ಇಳಿಯಲಿಲ್ಲ. ಕೈ ಅಲುಗಿಸಿದಳು, ಇಳಿಯಲಿಲ್ಲ. ಆಗಷ್ಟೇ ಮುದ್ರಕದಿಂದ ಬಿದ್ದ, ಇನ್ನೂ ಬೆಚ್ಚಗಿದ್ದ ಆ ಹಿಟ್ಟಿನ ಮುದ್ದೆಗಳು ಅವಳ ಅಂಗೈಯನ್ನು ಇದ್ದಬದ್ದ ಬಲದಿಂದ ಕಚ್ಚಿ ಹಿಡಿದಿದ್ದವು. ಒಂದು ಬೆರಳ ಸಂದಿಯಲ್ಲಿ ತೂರಿಕೊಳ್ಳಲು ನೋಡುತ್ತಿತ್ತು. ದೂರದಲ್ಲಿ ಉಂಡೆ ಬಾಲ ಅಲ್ಲಾಡಿಸುತ್ತ ಕಾಯುತ್ತಿತ್ತು. ಅನಂತಮತಿ ಕೈಯನ್ನು ಮೆಲ್ಲಗೆ ನೀರಿನಿಂದ ತೆಗೆದು, ಹುಳುಗಳ ಸಮೇತ ಎದೆಗೆ ಒತ್ತಿ ಹಿಡಿದುಕೊಂಡಳು.

ಸುದ್ದಿ ತಿಳಿದು ಫ್ಲೇವಿಯಾ ಮಧ್ಯಾಹ್ನಕ್ಕೇ ಬಂದಳು.

“ಇವು ಈಗ ಹುಟ್ಟಿದ್ದು ಡಾಕ್ಟ್ರೇ. ಮೀನನ್ನು ನೋಡ್ಲೇ ಇಲ್ಲ. ಆದ್ರೂ ನೀರಿಗಿಳೀಲಿಕ್ಕೆ ಹೆದರ್ತವೆ. ಎಂತ ಇದು?”

“ಮೈ ಮಾತ್ರ ಹೊಸತು ಅಕ್ಕ. ಕಣ ಹಳೇದೇ ಅಲ್ವಾ? ಹಿಂದೆ ಆದದ್ದೆಲ್ಲ ಅದರಲ್ಲಿ ಉಳೀತದೆ. ನಿಜ ಹೇಳ್ಬೇಕಂದ್ರೆ ಭೀತಿಸೂತ್ರ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ.” ಫ್ಲೇವಿಯಾಳ ದನಿಯಲ್ಲಿ ಹೆಮ್ಮೆಯಿತ್ತು.

“ಅಂದ್ರೆ, ಕಡಿಸಿಕೊಂಡದ್ದು ಇವಕ್ಕೆ ನೆನಪುಂಟಾ?”

“ನೆನಪು ಅಂತ ಹೇಳ್ಲಿಕ್ಕಾಗುದಿಲ್ಲ. ದಾಖಲೆ.”

“ಎಷ್ಟು ಸಲದ್ದು?”

“ಎಲ್ಲ ಸಲದ್ದೂ.”

ಜಪಮಣಿ ಎಣಿಸುತ್ತಿದ್ದ ಕಮಲಾವತಿ ಅಮ್ಮನ ಬೆರಳು ನಿಂತಿತು. “ಹುಟ್ಟುದು, ಸಾಯುದು, ಪುನಃ ಹುಟ್ಟುದು. ಹಿಂದಿನ ಜನ್ಮ ಮರೆಯುವ ಭಾಗ್ಯ ನಮಗಾದ್ರೂ ಉಂಟು. ಇವಕ್ಕೆ ಅದನ್ನೂ ಇಡ್ಲಿಲ್ಲವಲ್ಲ ಮಗಾ ನೀವು.”

“ಅಮ್ಮ, ಇದು ಹೆಸರುಹಿಟ್ಟು. ಜೀವ ಇಲ್ಲ. ಮಾಡಿದವಳು ನಾನು, ನನಗೆ ಗೊತ್ತಿಲ್ವಾ?”

“ಇಲ್ಲದೆ ಇರಬಹುದು. ಆದ್ರೆ ಜೀವ ಅಂತ ಎಣಿಸಿ ಕೊಂದ್ರೆ, ಹಿಟ್ಟಿನದ್ದನ್ನು ಕೊಂದ್ರೂ ಕೊಂದ ಹಾಗೇ. ನಮ್ಮಲ್ಲಿ ಅದಕ್ಕೆ ಸಂಕಲ್ಪ ಹಿಂಸೆ ಅಂತ ಹೇಳುದು. ನಾನು ದಿನಾ ಇಲ್ಲಿ ಕೂತು ನೋಡ್ತಿದ್ದೆ. ಸಿಕ್ಕಿತು, ಸಿಕ್ಕಿತು ಅಂತ ಮನಸ್ಸು ಹಿಗ್ಗುತ್ತಿತ್ತು. ಯಾವುದು ಸಿಕ್ಕಿದ್ದು ಅಂತ ಎಣಿಸಿದ್ದು?”

ಅನಂತಮತಿ ಹಜಾರದ ಕುರ್ಚಿಗಳ ಕಡೆ ನೋಡಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಆ ಚೆಲ್ಲಾಟಕ್ಕೆ ಊರವರನ್ನೆಲ್ಲ ಕರೆದು ಕುರ್ಚಿ ಹಾಕಿದವಳು ತಾನು. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

“ಭೀತಿಸೂತ್ರ ತೆಗೀಬಹುದು. ಆದ್ರೆ ಉಂಡೆ ತಿನ್ನುದಿಲ್ಲ” ಎಂದಳು ಫ್ಲೇವಿಯಾ.

“ಇನ್ನು ಒಂದು ಹುಳುವನ್ನೂ ನಾನು ನೀರಿಗೆ ಹಾಕುದಿಲ್ಲ.”

“ಹಾಗಾದ್ರೆ ಅದು ಸಾಯ್ತದೆ ಅಕ್ಕ.”

“ಅದನ್ನೂ ಬಿಡುದಿಲ್ಲ.”

ಹೇಳುವುದು ಸುಲಭ. ಕಣವಿದ್ದ ಹುಳುಗಳನ್ನೆಲ್ಲ ದೊಡ್ಡ ಉರುಳಿಯಲ್ಲಿ ನೀರು ತುಂಬಿ ಹಿಂದಿನ ಜಗಲಿಯಲ್ಲಿಟ್ಟರು. ಸವೆದ ಮೈಗೆ ಹಸಿ ಹಿಟ್ಟು ಮೆತ್ತುವ ಕೆಲಸವನ್ನು ಕಮಲಾವತಿ ಅಮ್ಮ ವಹಿಸಿಕೊಂಡರು. ಮೊದಮೊದಲು ಅವು ಉರುಳಿಯ ಅಂಚಿಗೇ ಅಂಟಿಕೊಂಡಿದ್ದವು, ಬರಬರುತ್ತ ನೀರಿನ ನಡುವೆಯೂ ತೆವಳಿದವು. ಇತ್ತ ಕಣವಿಲ್ಲದ, ಅಲ್ಲಾಡದ ಹುಳುಗಳನ್ನು ಮುದ್ರಿಸಿ ಉಂಡೆಯ ತೊಟ್ಟಿಗೆ ಹಾಕಿದರೆ, ಅದು ಒಂದು ಸಲ ಮೂಸಿ ನೋಡಿ ಮೂಲೆಗೆ ಹೋಗಿ ಮಲಗಿತು. ಫ್ಲೇವಿಯಾ ಒಂದು ಯಂತ್ರದ ತೋಳು ತಂದು ತೊಟ್ಟಿಗೆ ಜೋಡಿಸಿದಳು. ತೋಳು ಹುಳುವನ್ನು ಹಿಡಿದು ಅಡ್ಡಾದಿಡ್ಡಿ ಓಡಾಡಿಸಿತು. ಉಂಡೆ ಎರಡು ದಿನ ಅಟ್ಟಿಸಿಕೊಂಡು ಹೋಗಿ, ಮೂರನೆಯ ದಿನ ತೋಳಿಗೆ ಬೆನ್ನು ಹಾಕಿತು. ಅದರ ಬಣ್ಣ ಕಪ್ಪಿಟ್ಟಿತು, ತುಂಬಿದ ಹೊಟ್ಟೆ ಒಳಕ್ಕೆ ಇಳಿಯಿತು. ಸಂಜೆ ಅಂಗಡಿಯಿಂದ ಬಂದವಳು ಗಾಜಿನ ಬಳಿ ನಿಂತರೆ ಮಾತ್ರ ಹೇಗೋ ತೇಲಿ ಬಂದು ಅವಳ ಮುಖ ನೋಡುತ್ತಿತ್ತು. ಆ ನೋಟವನ್ನು ಎದುರಿಸಲು ಅವಳಿಗೆ ಆಗುತ್ತಿರಲಿಲ್ಲ.

“ನನಗೆ ಕೊಡಿ ಅಕ್ಕ, ಇನ್ನೂ ಹೊತ್ತು ಮೀರ್ಲಿಲ್ಲ” ಎಂದು ಫ್ಲೇವಿಯಾ ಬೇಡಿಕೊಂಡಳು. “ಮರುವಾಯಿ ಹಾಕಿದ್ರೆ ನಾಳೆಗೇ ಚೇತರಿಸ್ತದೆ. ಪಾಪ ನನಗಿರ್ಲಿ.”

“ಮರುವಾಯಿಯ ಪ್ರಾಣ ಹೋಗುದು ಹೋಗ್ತದಲ್ಲ. ಪಾಪ ಯಾರ ಖಾತೆಗೆ ಅಂತ ಅದು ಕೇಳ್ತದಾ?” ಎಂದು ಅನಂತಮತಿ ಎದ್ದಳು. ಬಳೆ ತೆಗೆದಿಟ್ಟಳು. ಕಣವಿಲ್ಲದ ಒಂದು ಹುಳುವನ್ನು ಬೆರಳ ತುದಿಯಲ್ಲಿ ಹಿಡಿದು ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿದಳು.

ಫ್ಲೇವಿಯಾ ಹೌಹಾರಿದಳು. “ಏಡಿಯ ಬೆನ್ನು ಪುಡಿ ಮಾಡುವ ಕೊಕ್ಕು ಅದು! ಇಕ್ಕುಳ ಆದ್ರೂ ಹಿಡೀರಿ!”

“ಇಕ್ಕುಳ ಕಂಡ್ರೆ ಅದಕ್ಕೆ ನೀವು ಹಲ್ಲು ಕತ್ತರಿಸಿದ್ದು ನೆನಪಾಗ್ತದೆ. ಊದಿಕೊಂಡು ಕೂತುಬಿಡ್ತದೆ.”

ವರ್ಷವಿಡೀ ಆ ಹುಳುಗಳು ಓಡುವುದನ್ನು ನೋಡಿದವಳಲ್ಲವೇ, ಅವಳ ಕೈಗೆ ಎಲ್ಲ ಗೊತ್ತಿತ್ತು. ಹುಳುವನ್ನು ಕಲ್ಲಿನ ಹಿಂದೆ ಸರಿಸಿದಳು, ಇಣುಕಿಸಿದಳು, ನಿಲ್ಲಿಸಿದಳು, ಗಾಬರಿಯಲ್ಲಿ ಓಡಿಸಿದಳು. ಮೊದಲ ದಿನ ಉಂಡೆ ಒಂದು ಕಣ್ಣು ಮಾತ್ರ ತಿರುಗಿಸಿತು. ಮರುದಿನ ಎರಡೂ ಕಣ್ಣು. ಅದರ ಮರುದಿನ ಮೂಲೆಯಿಂದ ಎದ್ದು ಬಂದು, ಅವಳ ಕೈಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮುನ್ನುಗ್ಗಿತು. ‘ಟಕ್’! ಚಿಪ್ಪಿನ ಚೂರುಗಳು ಮರಳಿನ ಮೇಲೆ ಬಿದ್ದವು. ಅನಂತಮತಿ ಒದ್ದೆ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಅತ್ತೂ ಇದ್ದಳು, ನಕ್ಕೂ ಇದ್ದಳು.

“ಅಮ್ಮ, ಈಗ ಇವರು ಮಾಡುದು ಹಿಂಸೆ ಅಲ್ವಾ? ಇದೂ ಓಡುವ ನಾಟಕವೇ” ಎಂದು ಫ್ಲೇವಿಯಾ ಕೆಣಕಿದಳು.

“ಅಲ್ಲಿ ಓಡುದು ಅವಳ ಕೈ. ಅವಳು ಒಪ್ಪಿ ಇಟ್ಟದ್ದು” ಎಂದರು ಕಮಲಾವತಿ ಅಮ್ಮ.

ಹೀಗೆ ದಿನಕ್ಕೊಂದು ಗಂಟೆ ಅನಂತಮತಿ ಬಸವನಹುಳುವಾಗುತ್ತಿದ್ದಳು. ಉಂಡೆ ಚೇತರಿಸಿಕೊಂಡಿತು. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರಿಗೂ ಅದು ಆಟವೇ ಆಗಿತ್ತು. ಆಟವೆಂದ ಮೇಲೆ ಮೈಮರೆವು ಇದ್ದದ್ದೇ. ಒಂದು ದಿನ ಬಾಗಿಲಲ್ಲಿ ಯಾರೋ ಕೂಗಿದರು, ಅವಳು ಅತ್ತ ತಿರುಗಿದಳು, ಕೈ ಒಂದು ಕ್ಷಣ ನಿಂತಿತು. ಉಂಡೆ ಗುರಿ ತಪ್ಪಿತು. ನೀರು ಕೆಂಪಾಯಿತು. ಎಡಗೈಯ ತೋರುಬೆರಳಿನ ತುದಿ ಹೋಗಿತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಅವಳು ಮನೆಗೆ ಬರುವಾಗ ಫ್ಲೇವಿಯಾ ಕಾದು ನಿಂತಿದ್ದಳು. ಆಕೆಯ ಮುಖ ಬಿಳಿಚಿತ್ತು.

“ಮುಗೀತು ಅಕ್ಕ. ನೋವಿನಲ್ಲಿದ್ದೀರಿ, ಆದ್ರೂ ಹೇಳ್ಬೇಕು. ಅದರ ವಂಶ ಲಕ್ಷಾಂತರ ವರ್ಷದಿಂದ ಮಾಂಸ ತಿಂದು ಬಂದದ್ದು. ಇಂದು ರುಚಿ ಸಿಕ್ಕಿತು. ಇನ್ನು ಅದು ನಿಮ್ಮ ಹಿಟ್ಟಿಗೆ ಮರಳುದಿಲ್ಲ. ಬೆರಳಿಗೇ ಬರ್ತದೆ.”

ಅನಂತಮತಿ ತೊಟ್ಟಿಯ ಬಳಿಗೆ ಹೋದಳು. ಬಗ್ಗಿ ನೋಡಿ, ಫ್ಲೇವಿಯಾಳನ್ನು ಕೈಸನ್ನೆಯಿಂದ ಕರೆದಳು. ಬಿಳಿ ಮರಳಿನ ಮೇಲೆ ಬೆರಳಿನ ಚೂರು ಬಿದ್ದಿತ್ತು. ಉಂಡೆ ಅದನ್ನು ನುಂಗಿರಲಿಲ್ಲ, ಉಗುಳಿತ್ತು. ಅವರಿಬ್ಬರೂ ನೋಡುತ್ತಿದ್ದಂತೆ ಅದು ಚೂರಿನ ಬಳಿಗೆ ಬಂತು, ಬಾಯಿಂದ ನೀರು ಊದಿ ಅದನ್ನು ಮೂಲೆಗೆ ತಳ್ಳಿತು, ಹೊಲಸು ಕಂಡವರಂತೆ ಸರಿದು ಬಂದು ಗಾಜಿನ ಬಳಿ ನಿಂತಿತು. ಲಕ್ಷಾಂತರ ವರ್ಷದ ವಂಶ ಹೆಸರುಹಿಟ್ಟಿನೆದುರು ಸೋತಿತ್ತು. ಫ್ಲೇವಿಯಾ ಕುರ್ಚಿಯಲ್ಲಿ ಕುಸಿದು ಕೂತಳು. ಆಕೆಯ ಶಾಸ್ತ್ರದಲ್ಲಿ ಇದಕ್ಕೆ ಜಾಗವಿರಲಿಲ್ಲ.

“ಬೆಳಗ್ಗಿಂದ ಏನೂ ತಿನ್ಲಿಲ್ಲ ಅದು” ಎನ್ನುತ್ತ ಅನಂತಮತಿ ಬಲಗೈಯಲ್ಲಿ ಹಿಟ್ಟಿನ ಹುಳು ಎತ್ತಿಕೊಂಡಳು. ಎಡಗೈಯ ಬ್ಯಾಂಡೇಜನ್ನು ಎದೆಗೆ ಆನಿಸಿಕೊಂಡು, ಬಲಗೈಯನ್ನು ನೀರಿಗಿಳಿಸಿದಳು. ಕೈ ಸಣ್ಣಗೆ ನಡುಗುತ್ತಿತ್ತು. ಆ ನಡುಕಕ್ಕೆ ಹುಳುವೂ ನಡುಗಿತು.

“ಹೆದರಿಕೆ ಆಗುದಿಲ್ವಾ ಅಕ್ಕ?” ಎಂದು ಫ್ಲೇವಿಯಾ ಪಿಸುದನಿಯಲ್ಲಿ ಕೇಳಿದಳು.

“ಆಗ್ತದೆ” ಎಂದಳು ಅನಂತಮತಿ, ಮೀನಿನಿಂದ ಕಣ್ಣು ತೆಗೆಯದೆ. “ಯಾರಾದ್ರೂ ಒಬ್ಬರು ಹೆದರದೆ ಇದು ಉಣ್ಣುದಿಲ್ಲ ಅಂತ ನೀವೇ ಹೇಳಿದ್ದಲ್ವಾ ಡಾಕ್ಟ್ರೇ. ನಾನೇ ಹೆದರ್ತೇನೆ.”

ಉಂಡೆ ಬಂತು. ಅವಳ ಬೆರಳುಗಳೆದುರು ತಡೆದು ನಿಂತಿತು. ಆಮೇಲೆ ಎಂದೂ ಇಲ್ಲದಷ್ಟು ಮೆಲ್ಲಗೆ, ಚಿಪ್ಪಿನ ಅಂಚನ್ನಷ್ಟೇ ಕಚ್ಚಿ, ಹುಳುವನ್ನು ಬಿಡಿಸಿಕೊಂಡು ಹೋಯಿತು.